ಗೌರವಧನವೂ ವೃತ್ತಿಗೌರವವೂ

ಪ್ರತಿ ತಿಂಗಳ ಕೊನೆಯಲ್ಲಿ ನಮ್ಮ ಶಾಲೆಯ ಅತಿಥಿ ಶಿಕ್ಷಕಿಯ ಹಾಜರಾತಿಯನ್ನು ದೃಢೀಕರಿಸಿ ಸಹಿ ಹಾಕುವುದು ಮುಖ್ಯ ಶಿಕ್ಷಕಿಯಾದ ನನ್ನ ಕೆಲಸ. ಕಾಯಂ ಶಿಕ್ಷಕರ ಬಿಲ್ಲಿನಲ್ಲಿ ‘ವೇತನ’ ಎಂದು ಬರೆದಿರುವ ಕಡೆ ಅವರ ಹಾಳೆಯಲ್ಲಿ ‘ಗೌರವಧನ’ ಎಂದಿರುತ್ತದೆ. ಮೂರು ವರ್ಷಗಳಿಂದ ಸಹಿ ಹಾಕುತ್ತಾ ಬಂದಿದ್ದರೂ ಆ ಪದದ ಮುಂದೆ ನನ್ನ ಕೈ ಒಂದು ಕ್ಷಣ ತಡೆಯುತ್ತದೆ. ಆಕೆ ಪದವೀಧರೆ, ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ ಆದ ಡಿ.ಎಡ್. ಮುಗಿಸಿದ್ದಾರೆ, ಶಿಕ್ಷಕರ ಅರ್ಹತಾ ಪರೀಕ್ಷೆಯಾದ ಟಿಇಟಿ ಪಾಸಾಗಿದ್ದಾರೆ, ಮೂರನೆಯ ಮತ್ತು ನಾಲ್ಕನೆಯ ತರಗತಿಗಳ ಗಣಿತವನ್ನು ಪೂರ್ತಿ ಹೊತ್ತಿದ್ದಾರೆ. ಶಾಲೆ ತೆರೆದ ಮೇಲೆ ಬರುವ ಆದೇಶದಿಂದ ಶುರುವಾಗುವ ಅವರ ಸೇವೆ ಶೈಕ್ಷಣಿಕ ವರ್ಷದೊಂದಿಗೆ ಮುಗಿಯುತ್ತದೆ. ಬೇಸಿಗೆಯ ತಿಂಗಳುಗಳಿಗೆ ಏನೂ ಇಲ್ಲ. ಮುಂದಿನ ಜೂನ್‌ನಲ್ಲಿ ಅವರು ಇದೇ ಶಾಲೆಗೆ ಬರುತ್ತಾರೋ ಇಲ್ಲವೋ ಎಂಬುದು ವರ್ಗಾವಣೆಯಲ್ಲಿ ಯಾರಾದರೂ ಇಲ್ಲಿಗೆ ಬಂದರೋ ಇಲ್ಲವೋ ಎಂಬುದರ ಮೇಲೆ ನಿಂತಿರುತ್ತದೆ. ಇಷ್ಟೆಲ್ಲ ಆದ ಮೇಲೆ ಕೊಡುವ ಹಣಕ್ಕೆ ಗೌರವದ ಹೆಸರನ್ನಿಟ್ಟಿದ್ದೇವೆ.

ನನ್ನ ಅಜ್ಜ ಅಕ್ಷರ ಕಲಿತದ್ದು ಕೂಲಿಮಠದಲ್ಲಿ. ಮರಳಿನ ಮೇಲೆ ಬೆರಳಿನಿಂದ ತಿದ್ದಿಸಿ, ಮಗ್ಗಿ ಬಾಯಿಪಾಠ ಮಾಡಿಸುತ್ತಿದ್ದ ಐಗಳಿಗೆ ಮನೆಮನೆಯಿಂದ ರಾಗಿಯೋ ಬತ್ತವೋ ಒಂದಿಷ್ಟು ಕಾಸೋ ಸಲ್ಲುತ್ತಿತ್ತಂತೆ. ಆ ವ್ಯವಸ್ಥೆಯಲ್ಲಿ ಹೊಗಳಬೇಕಾದದ್ದು ಹೆಚ್ಚೇನೂ ಇರಲಿಲ್ಲ, ಅಲ್ಲಿ ಕೂರಲು ಎಲ್ಲರ ಮಕ್ಕಳಿಗೂ ಅವಕಾಶವಿರಲಿಲ್ಲ. ಆದರೆ ಮಾಡಿದ ಕೆಲಸಕ್ಕೆ ಕೊಡುವುದು ಕೂಲಿ ಎಂದು ಹೇಳಿಕೊಳ್ಳಲು ಆ ಕಾಲಕ್ಕೆ ಸಂಕೋಚವಿರಲಿಲ್ಲ ಎಂಬುದು ಈಚೆಗೆ ನನಗೆ ಮತ್ತೆ ಮತ್ತೆ ನೆನಪಾಗುತ್ತಿದೆ.

ಬೋಧನೆಯನ್ನು ಒಂದು ವೃತ್ತಿ ಎಂದು ಒಪ್ಪುವುದಕ್ಕೆ ಏನು ಬೇಕು ಎಂಬ ಪ್ರಶ್ನೆಯನ್ನು ನಾನು ಈ ಗೌರವದ ಕಡೆಯಿಂದಲೇ ಎತ್ತಲು ಬಯಸುತ್ತೇನೆ. ಏಕೆಂದರೆ ನಮ್ಮ ದೇಶದಲ್ಲಿ ಶಿಕ್ಷಕರಿಗೆ ಗೌರವದ ಮಾತುಗಳ ಕೊರತೆ ಎಂದೂ ಆಗಿಲ್ಲ. 1962ರಿಂದ ಪ್ರತಿ ಸೆಪ್ಟೆಂಬರ್ 5ರಂದು ಅವು ತಪ್ಪದೆ ಬರುತ್ತವೆ, ಅವುಗಳಲ್ಲಿ ಬಹುಪಾಲು ಪ್ರಾಮಾಣಿಕವಾದವು ಎಂದೇ ನಾನು ನಂಬಿದ್ದೇನೆ. ಆದರೆ ಅದೇ ಮಾತುಗಳು ಶಿಕ್ಷಕರ ಹಕ್ಕಿನ ದಾರಿಗೆ ಅಡ್ಡ ಬಂದದ್ದೂ ಇದೆ. 1978ರಲ್ಲಿ ಬೆಂಗಳೂರು ಜಲಮಂಡಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಾರ್ಮಿಕ ಕಾನೂನಿನ ‘ಕೈಗಾರಿಕೆ’ ಎಂಬ ಪದದ ವ್ಯಾಪ್ತಿಯನ್ನು ಹಿಗ್ಗಿಸಿ, ಶಿಕ್ಷಣ ಸಂಸ್ಥೆಗಳೂ ಅದರೊಳಗೆ ಬರುತ್ತವೆ ಎಂದಿತು. ಹತ್ತು ವರ್ಷದ ಬಳಿಕ, 1988ರಲ್ಲಿ, ಗೋವಾದ ಖಾಸಗಿ ಶಾಲೆಯೊಂದರಿಂದ ಕೆಲಸ ಕಳೆದುಕೊಂಡ ಶಿಕ್ಷಕಿಯೊಬ್ಬರು ಅದೇ ನ್ಯಾಯಾಲಯದ ಮುಂದೆ ನಿಂತಾಗ, ಶಾಲೆ ಕೈಗಾರಿಕೆಯೇ ಆಗಿದ್ದರೂ ಅಲ್ಲಿ ಪಾಠ ಹೇಳುವವರು ಕೈಗಾರಿಕಾ ವಿವಾದಗಳ ಕಾಯ್ದೆಯ ಅರ್ಥದಲ್ಲಿ ‘ಕಾರ್ಮಿಕ’ರಲ್ಲ ಎಂಬ ತೀರ್ಪು ಬಂತು. ಬೋಧನೆಯನ್ನು ದೈಹಿಕ ದುಡಿಮೆ ಎನ್ನಲಾಗದು, ಗುಮಾಸ್ತಿಕೆ ಎನ್ನಲಾಗದು, ಅದೊಂದು ಉದಾತ್ತ ಧ್ಯೇಯದ ಸ್ವರೂಪದ್ದು ಎಂಬುದು ಅಲ್ಲಿ ಕೊಟ್ಟ ಕಾರಣಗಳಲ್ಲಿ ಒಂದು. ಒಬ್ಬ ಜವಾನರಿಗೆ ದಕ್ಕುತ್ತಿದ್ದ ಕಾನೂನಿನ ಆಸರೆ ಅದೇ ಶಾಲೆಯ ಶಿಕ್ಷಕಿಗೆ ದಕ್ಕಲಿಲ್ಲ. 2004ರಲ್ಲಿ ಅಹಮದಾಬಾದಿನ ಪ್ರಾಥಮಿಕ ಶಿಕ್ಷಕರ ಪ್ರಕರಣದಲ್ಲಿಯೂ ಹೀಗೆಯೇ ಆಯಿತು: ಸೇವೆ ಮುಗಿದಾಗ ಸಿಗುವ ಇಡಿಗಂಟಿನ, ಅಂದರೆ ಗ್ರಾಚ್ಯುಯಿಟಿಯ, ಕಾಯ್ದೆಯಲ್ಲಿ ‘ನೌಕರ’ ಎಂಬ ಪದಕ್ಕೆ ಇದ್ದ ವಿವರಣೆಯೊಳಗೆ ಶಿಕ್ಷಕರು ಎಲ್ಲಿಯೂ ಕೂರಲಿಲ್ಲ. ಸಂಸತ್ತು 2009ರಲ್ಲಿ ಕಾಯ್ದೆಯನ್ನು ತಿದ್ದಿ, 1997ರ ಏಪ್ರಿಲ್ 3ರಿಂದ ಅನ್ವಯವಾಗುವಂತೆ ಅವರನ್ನು ಒಳಗೆ ತರಬೇಕಾಯಿತು. ಆ ತಿದ್ದುಪಡಿಯ ವಿರುದ್ಧ ಖಾಸಗಿ ಶಾಲೆಗಳು ಹೂಡಿದ ವ್ಯಾಜ್ಯ 2022ರವರೆಗೂ ನಡೆಯಿತು, ಕೊನೆಗೆ ಶಿಕ್ಷಕರ ಪರವಾಗಿ ಮುಗಿಯಿತು.

ನ್ಯಾಯಾಧೀಶರು ತಮ್ಮ ಮುಂದಿದ್ದ ಕಾಯ್ದೆಯ ಪದಗಳನ್ನು ಓದಿ ತೀರ್ಪು ಕೊಟ್ಟರು. ಅವರನ್ನು ದೂರುವುದು ನನ್ನ ಉದ್ದೇಶವಲ್ಲ. ಕಾಯ್ದೆ ಬರೆದವರು ಕೆಲಸಗಳ ಪಟ್ಟಿ ಮಾಡುವಾಗ ಕುಶಲ, ಅಕುಶಲ, ತಾಂತ್ರಿಕ, ಗುಮಾಸ್ತಿಕೆ ಎಂದೆಲ್ಲ ಎಣಿಸಿದರೂ ಕಲಿಸುವುದು ಅವರ ಎಣಿಕೆಗೆ ಬರಲೇ ಇಲ್ಲ ಎಂಬುದು ನನ್ನನ್ನು ಕಾಡುವ ಸಂಗತಿ. ಕಲಿಸುವುದರಲ್ಲಿ ಇರುವ ಕುಶಲತೆ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಆ ಕುಶಲತೆ ಏನೆಂಬುದನ್ನು ಒಂದು ಲೆಕ್ಕದ ಮೂಲಕ ತೋರಿಸಲು ಪ್ರಯತ್ನಿಸುತ್ತೇನೆ.

ಕಳೆದ ನವೆಂಬರ್‌ನ ಒಂದು ಮಧ್ಯಾಹ್ನ ಬಿಸಿಯೂಟದ ಬಳಿಕ ಆ ಅತಿಥಿ ಶಿಕ್ಷಕಿ ಮೂರನೆಯ ತರಗತಿಯ ಆರು ನೋಟ್‌ಪುಸ್ತಕಗಳನ್ನು ನನ್ನ ಮೇಜಿನ ಮೇಲೆ ಬಿಡಿಸಿಟ್ಟರು. ದಶಕ ಸಹಿತ ಕಳೆಯುವ ಪಾಠ ನಡೆಯುತ್ತಿತ್ತು. 52ರಿಂದ 27ನ್ನು ಕಳೆಯಿರಿ ಎಂಬ ಲೆಕ್ಕಕ್ಕೆ ಆರೂ ಮಕ್ಕಳು 35 ಎಂದು ಬರೆದಿದ್ದರು. ಸರಿಯಾದ ಉತ್ತರ 25. ತಪ್ಪು ಗುರುತು ಹಾಕಿ, ಹಲಗೆಯ ಮೇಲೆ ಇನ್ನೊಮ್ಮೆ ಮಾಡಿ ತೋರಿಸಿ ಮುಂದೆ ಹೋಗುವುದು ಎಲ್ಲರಿಗೂ ತೋಚುವ ದಾರಿ. ನಾನೂ ನನ್ನ ಸೇವೆಯ ಮೊದಲ ಕೆಲವು ವರ್ಷ ಹಾಗೆಯೇ ಮಾಡಿದ್ದೆ. ಆಕೆ ಹಾಗೆ ಮಾಡದೆ ಆ ಆರು ಮಕ್ಕಳಿಗೆ ಇನ್ನೊಂದು ಲೆಕ್ಕ ಕೊಟ್ಟಿದ್ದರು: 61ರಿಂದ 24. ಆಗ ನಾಲ್ವರು 43 ಎಂದು ಬರೆದರು, ಇಬ್ಬರು 47 ಎಂದು ಬರೆದರು.

ಇಲ್ಲಿಯೇ ಗುಟ್ಟಿದೆ. 43 ಎಂದು ಬರೆದ ಮಕ್ಕಳು ಬಿಡಿಸ್ಥಾನದಲ್ಲಿ 1ರಿಂದ 4 ಹೋಗುವುದಿಲ್ಲ ಎಂದು ಕಂಡು, 4ರಿಂದ 1ನ್ನು ಕಳೆದಿದ್ದಾರೆ. ಮೇಲೆ ಯಾವುದಿದೆ, ಕೆಳಗೆ ಯಾವುದಿದೆ ಎಂಬುದನ್ನು ಬಿಟ್ಟು ದೊಡ್ಡದರಿಂದ ಚಿಕ್ಕದನ್ನು ಕಳೆಯುವುದೇ ಅವರ ನಿಯಮ. ಅವರಿಗೆ 61 ಎಂಬುದು ಅರವತ್ತೊಂದು ವಸ್ತುಗಳಲ್ಲ, ಪಕ್ಕಪಕ್ಕ ಕೂತ ಎರಡು ಅಂಕಿಗಳು. 47 ಎಂದು ಬರೆದ ಮಕ್ಕಳು ಹತ್ತರ ಸ್ಥಾನದಿಂದ ಒಂದು ದಶಕವನ್ನು ತಂದು 1ನ್ನು 11 ಮಾಡಿಕೊಂಡು 4ನ್ನು ಕಳೆದಿದ್ದಾರೆ. ಆದರೆ ತಂದುಕೊಂಡ ದಶಕ ಅಲ್ಲಿ ಕಡಿಮೆಯಾಗಿದೆ ಎಂಬುದನ್ನು ಮರೆತು 6ರಿಂದಲೇ 2ನ್ನು ಕಳೆದಿದ್ದಾರೆ. ಮೊದಲ ಲೆಕ್ಕದಲ್ಲಿ ಈ ಎರಡೂ ತಪ್ಪುಗಳು 35 ಎಂಬ ಒಂದೇ ಉತ್ತರಕ್ಕೆ ಬಂದು ನಿಂತಿದ್ದವು. ನಾಲ್ವರಿಗೆ ಕಡ್ಡಿಗಳ ಕಟ್ಟು ಬೇಕು: ಆರು ಕಟ್ಟು, ಒಂದು ಬಿಡಿಕಡ್ಡಿ ಕೈಗಿತ್ತು, ಕಟ್ಟು ಬಿಚ್ಚದೆ ನಾಲ್ಕು ಬಿಡಿಕಡ್ಡಿ ಕೊಡು ನೋಡೋಣ ಎಂದು ಕೇಳಬೇಕು. ಇನ್ನಿಬ್ಬರಿಗೆ ಕಡ್ಡಿ ಬೇಕಿಲ್ಲ, ಅವರು ಕಟ್ಟನ್ನು ಆಗಲೇ ಮನಸ್ಸಿನಲ್ಲಿ ಬಿಚ್ಚಿಯಾಗಿದೆ; 6ನ್ನು ಹೊಡೆದು ಮೇಲೆ 5 ಎಂದು ಬರೆದುಕೊಳ್ಳುವ ಅಭ್ಯಾಸ ಮಾತ್ರ ಬೇಕು. ಎಲ್ಲರಿಗೂ ಒಂದೇ ಪಾಠವನ್ನು ಮತ್ತೊಮ್ಮೆ ಗಟ್ಟಿಯಾಗಿ ಹೇಳಿದ್ದರೆ ಯಾರಿಗೂ ಉಪಯೋಗವಾಗುತ್ತಿರಲಿಲ್ಲ.

ಕಳೆಯುವ ಲೆಕ್ಕವನ್ನು ಒಬ್ಬ ಎಂಜಿನಿಯರು ನಮಗಿಂತ ವೇಗವಾಗಿ ಮಾಡಬಲ್ಲರು. 35ರ ಹಿಂದೆ ಎರಡು ಬಗೆಯ ಯೋಚನೆ ಇರಬಹುದೆಂದು ಊಹಿಸಿ, ಅವನ್ನು ಬೇರೆ ಬೇರೆ ಮಾಡಿ ತೋರಿಸುವ ಎರಡನೆಯ ಲೆಕ್ಕವನ್ನು ಆರಿಸುವುದು ಬೇರೆಯೇ ಜ್ಞಾನ. ವಿಷಯದ ಜ್ಞಾನದಿಂದಲೂ ಬೋಧನೆಯ ಸಾಮಾನ್ಯ ವಿಧಾನಗಳ ಜ್ಞಾನದಿಂದಲೂ ಬೇರೆಯಾದ ಇದಕ್ಕೆ ಅಮೆರಿಕದ ಶಿಕ್ಷಣತಜ್ಞ ಲೀ ಶುಲ್‌ಮನ್ 1986ರಲ್ಲಿ ಒಂದು ಹೆಸರನ್ನು ಕೊಟ್ಟರು. ಒಂದು ವಿಷಯವನ್ನು ಕಲಿಸುವವರಿಗೆ ಮಾತ್ರ ಇರುವ ಆ ವಿಷಯದ ತಿಳಿವಳಿಕೆ ಎಂದು ನಾನು ಅದನ್ನು ನನ್ನ ಮಾತಿನಲ್ಲಿ ಹೇಳಿಕೊಳ್ಳುತ್ತೇನೆ. ಭಾಷೆಯ ಪಾಠದಲ್ಲಿಯೂ ಹಾಗೆಯೇ. ನಮ್ಮ ಸೀಮೆಯ ಮಗು ‘ಹಾಲು’ ಎಂಬುದನ್ನು ‘ಆಲು’ ಎಂದು ಬರೆದರೆ ಅದು ಅಕ್ಷರ ಮರೆತದ್ದಲ್ಲ, ತನ್ನ ಮನೆಯಲ್ಲಿ ಕೇಳಿದ್ದನ್ನು ತಪ್ಪಿಲ್ಲದೆ ಬರೆದಿದೆ. ಆ ಮಗುವನ್ನು ಮಗ್ಗಿಯಂತೆ ಅಕ್ಷರಮಾಲೆ ಹೇಳಿಸಿ ದಣಿಸುವ ಬದಲು, ಮನೆಯ ಮಾತಿಗೂ ಪುಸ್ತಕದ ಬರಹಕ್ಕೂ ಇರುವ ಅಂತರವನ್ನು ಅವಮಾನವಾಗದಂತೆ ತೋರಿಸಿಕೊಡಬೇಕು. ಹೀಗೆ ಕಲಿಸುವವರಲ್ಲಿಯೇ ಹುಟ್ಟಿ ಬೆಳೆಯುವ ಜ್ಞಾನ, ಅದನ್ನು ಬಳಸಿ ತೀರ್ಮಾನ ತೆಗೆದುಕೊಳ್ಳುವ ಅಧಿಕಾರ, ಆ ತೀರ್ಮಾನಕ್ಕೆ ಅದೇ ಜ್ಞಾನವುಳ್ಳವರ ಮುಂದೆ ಉತ್ತರ ಹೇಳುವ ಹೊಣೆ, ಇವು ಇದ್ದಲ್ಲಿ ಬೋಧನೆ ವೃತ್ತಿಯಾಗುತ್ತದೆ ಎಂಬುದು ನನ್ನ ನಂಬಿಕೆ. ಮೊದಲನೆಯದು ನಮ್ಮಲ್ಲಿದೆ. ಉಳಿದೆರಡನ್ನು ನಮಗೆ ಯಾರೂ ಪೂರ್ತಿಯಾಗಿ ಕೊಟ್ಟಿಲ್ಲ, ನಾವೂ ಪಟ್ಟುಹಿಡಿದು ಕೇಳಿಲ್ಲ.

ವಕೀಲರನ್ನು ನೋಡಿ. 1961ರ ವಕೀಲರ ಕಾಯ್ದೆಯ ಪ್ರಕಾರ ರಾಜ್ಯದ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸದೆ ಯಾರೂ ವಕಾಲತ್ತು ನಡೆಸುವಂತಿಲ್ಲ. ಪರಿಷತ್ತಿನ ಸದಸ್ಯರನ್ನು ಆರಿಸುವವರು ವಕೀಲರೇ, ತಪ್ಪು ಮಾಡಿದವರ ವಿಚಾರಣೆ ನಡೆಸುವವರೂ ವಕೀಲರೇ. ವೈದ್ಯರಿಗೆ, ಲೆಕ್ಕ ಪರಿಶೋಧಕರಿಗೆ, ದಾದಿಯರಿಗೆ ಕೂಡ ಹೀಗೆ ಒಂದೊಂದು ನೋಂದಣಿ ಪುಸ್ತಕವಿದೆ. ಶಿಕ್ಷಕರಿಗೆ ಇರುವುದು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು, ನಾವೆಲ್ಲ ಎನ್‌ಸಿಟಿಇ ಎಂದು ಕರೆಯುವ ಸಂಸ್ಥೆ. 1973ರಿಂದ ಸಲಹೆ ಕೊಡುವ ಮಂಡಳಿಯಾಗಿದ್ದ ಅದು 1993ರ ಕಾಯ್ದೆಯಿಂದ ಅಧಿಕಾರ ಪಡೆದು 1995ರಲ್ಲಿ ಶಾಸನಬದ್ಧ ಸಂಸ್ಥೆಯಾಯಿತು. ಆದರೆ ಅದು ಮಾನ್ಯತೆ ಕೊಡುವುದು ಶಿಕ್ಷಕರನ್ನು ತರಬೇತುಗೊಳಿಸುವ ಕಾಲೇಜುಗಳಿಗೆ. ಒಬ್ಬೊಬ್ಬ ಶಿಕ್ಷಕರ ಹೆಸರನ್ನು ಬರೆದುಕೊಂಡು, ಈಕೆ ನಮ್ಮವಳು, ಈಕೆಯ ಕೆಲಸಕ್ಕೆ ನಾವು ಜವಾಬ್ದಾರರು ಎಂದು ಹೇಳುವ ಪರಿಷತ್ತಲ್ಲ. ಆ ಕಾಲೇಜುಗಳ ಸ್ಥಿತಿಯೇನು ಎಂಬುದನ್ನು ಸುಪ್ರೀಂ ಕೋರ್ಟ್ ರಚಿಸಿದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ 2012ರಲ್ಲಿ ನೋಡಿತು. ಹತ್ತು ಸಾವಿರಕ್ಕೂ ಹೆಚ್ಚಿರುವ ಬಿಡಿ ತರಬೇತಿ ಸಂಸ್ಥೆಗಳಲ್ಲಿ ಬಹುಪಾಲು ಗಂಭೀರವಾಗಿ ಕಲಿಸುವ ಪ್ರಯತ್ನವನ್ನೇ ಮಾಡದೆ ಹಣಕ್ಕೆ ಪದವಿ ಮಾರುತ್ತಿವೆ ಎಂಬ ಮಾತನ್ನು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆ ಆಯೋಗವನ್ನು ಉಲ್ಲೇಖಿಸಿಯೇ ಬರೆದಿದೆ. ಇದನ್ನು ಓದಿದಾಗ ನನಗೆ ಆದ ನೋವು ದೊಡ್ಡದು. ಆ ಪದವಿಗಳನ್ನು ನಂಬಿ ಸಾಲ ಮಾಡಿ ಓದಿದವರಲ್ಲಿ ನಮ್ಮ ಊರಿನ ಹೆಣ್ಣುಮಕ್ಕಳೂ ಇದ್ದಾರೆ.

ಸ್ಕಾಟ್‌ಲೆಂಡಿನಲ್ಲಿ 1965ರಲ್ಲಿಯೇ ಶಿಕ್ಷಕರ ಸಾಮಾನ್ಯ ಪರಿಷತ್ತನ್ನು ಕಾಯ್ದೆಯ ಮೂಲಕ ಸ್ಥಾಪಿಸಿದರು. ಅಲ್ಲಿ ನೋಂದಣಿಯಾಗದೆ ಸರ್ಕಾರಿ ಶಾಲೆಯಲ್ಲಿ ಪಾಠ ಹೇಳುವಂತಿಲ್ಲ, ಪರಿಷತ್ತಿನೊಳಗೆ ಶಿಕ್ಷಕರು ಕೂರುತ್ತಾರೆ. ಅದರ ಮರುವರ್ಷ, 1966ರ ಅಕ್ಟೋಬರ್ 5ರಂದು, ಯುನೆಸ್ಕೊ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಗಳು ಶಿಕ್ಷಕರ ಸ್ಥಾನಮಾನದ ಬಗ್ಗೆ ಅಂಗೀಕರಿಸಿದ ಶಿಫಾರಸಿನಲ್ಲಿ ಬೋಧನೆಯನ್ನು ವೃತ್ತಿಯೆಂದು ಪರಿಗಣಿಸಬೇಕು ಎಂಬುದನ್ನು ನೇರವಾಗಿಯೇ ಬರೆದರು.

ನಮ್ಮ ಸಂವಿಧಾನವೂ ಶಿಕ್ಷಕರನ್ನು ಮರೆತಿಲ್ಲ. 171ನೆಯ ವಿಧಿ ವಿಧಾನ ಪರಿಷತ್ತಿನ ಹನ್ನೆರಡನೆಯ ಒಂದು ಭಾಗ ಸ್ಥಾನಗಳನ್ನು ಶಿಕ್ಷಕರು ಆರಿಸಿ ಕಳಿಸುವವರಿಗೆ ಮೀಸಲಿಟ್ಟಿದೆ. ನಮ್ಮ ಪರಿಷತ್ತಿನ 75 ಸ್ಥಾನಗಳಲ್ಲಿ 7 ಶಿಕ್ಷಕರ ಕ್ಷೇತ್ರಗಳಿವೆ. ವೈದ್ಯರಿಗಾಗಲಿ ವಕೀಲರಿಗಾಗಲಿ ಅಂಥ ಕ್ಷೇತ್ರವಿಲ್ಲ. ಆದರೆ ಮತ ಹಾಕುವ ಹಕ್ಕು ಪ್ರೌಢಶಾಲೆಯ ಮಟ್ಟಕ್ಕಿಂತ ಕೆಳಗಿಲ್ಲದ ಸಂಸ್ಥೆಗಳಲ್ಲಿ ಕನಿಷ್ಠ ಮೂರು ವರ್ಷ ಬೋಧಿಸಿದವರಿಗೆ ಮಾತ್ರ. ಇಷ್ಟು ವರ್ಷ ಒಂದರಿಂದ ಏಳನೆಯ ತರಗತಿಯವರೆಗೆ ಪಾಠ ಹೇಳಿದ ನಾನು ಆ ಚುನಾವಣೆಯಲ್ಲಿ ಒಮ್ಮೆಯೂ ಶಿಕ್ಷಕಿಯಾಗಿ ಮತ ಹಾಕಿಲ್ಲ. 35ರ ಹಿಂದಿನ ಎರಡು ಯೋಚನೆಗಳನ್ನು ಬೇರ್ಪಡಿಸುವುದು ಮೂರನೆಯ ತರಗತಿಯ ಕೆಲಸ, ಆದರೆ ಮತದಾರರ ಪಟ್ಟಿಗೆ ಆ ಕೆಲಸ ಮಾಡುವವರು ಶಿಕ್ಷಕರಲ್ಲ.

ಪ್ರವೇಶದ ಬಾಗಿಲನ್ನು ಬಿಗಿ ಮಾಡುವ ಪ್ರಯತ್ನಗಳು ಈಚಿನ ಹದಿನೈದು ವರ್ಷಗಳಲ್ಲಿ ಸಾಕಷ್ಟು ನಡೆದಿವೆ, ಅವುಗಳಲ್ಲಿ ಹಲವನ್ನು ನಾನು ಸ್ವಾಗತಿಸುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಆಧಾರದ ಮೇಲೆ ಎನ್‌ಸಿಟಿಇ 2010ರ ಆಗಸ್ಟ್ 23ರಂದು ಕನಿಷ್ಠ ವಿದ್ಯಾರ್ಹತೆಯನ್ನೂ ಅರ್ಹತಾ ಪರೀಕ್ಷೆಯನ್ನೂ ಗೊತ್ತುಪಡಿಸಿತು. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ಪ್ರಾಥಮಿಕ ಹಂತದ ಮಕ್ಕಳಿಗೆ ಕಲಿಸಲು ಬಿ.ಎಡ್. ತಕ್ಕ ಅರ್ಹತೆಯಲ್ಲ, ಅದಕ್ಕೆಂದೇ ಇರುವ ಡಿಪ್ಲೊಮಾ ಬೇಕು ಎಂದಿತು. ಬಿ.ಎಡ್. ಮಾಡಿದ ಎಷ್ಟೋ ಮಂದಿಗೆ ಅದರಿಂದ ಪೆಟ್ಟು ಬಿದ್ದಿತಾದರೂ, ಚಿಕ್ಕ ಮಕ್ಕಳಿಗೆ ಕಲಿಸುವುದು ದೊಡ್ಡ ಮಕ್ಕಳಿಗೆ ಕಲಿಸುವುದರ ಸುಲಭದ ರೂಪವಲ್ಲ, ಬೇರೆಯೇ ವಿದ್ಯೆ ಎಂಬ ಮಾತು ದೇಶದ ಅತ್ಯುನ್ನತ ನ್ಯಾಯಾಲಯದಲ್ಲಿ ನಿಂತದ್ದು ನನಗೆ ಸಮಾಧಾನ ತಂದಿತು.

ಅದೇ ನ್ಯಾಯಾಲಯದ 2025ರ ಸೆಪ್ಟೆಂಬರ್ 1ರ ತೀರ್ಪಿನ ಬಗ್ಗೆ ಅಷ್ಟು ಸುಲಭವಾಗಿ ಹೇಳಲಾರೆ. ಶಿಕ್ಷಣ ಹಕ್ಕು ಕಾಯ್ದೆ ಬರುವುದಕ್ಕೆ ಮೊದಲೇ ಸೇವೆಗೆ ಸೇರಿದವರೂ, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿದ್ದರೆ, ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು ಎಂದು ಅದು ಹೇಳಿತು. ನನಗೆ ಉಳಿದಿರುವುದು ಐದಕ್ಕಿಂತ ಕಡಿಮೆ. ನನ್ನ ಸಹೋದ್ಯೋಗಿಯೊಬ್ಬರಿಗೆ ಇನ್ನೂ ಹನ್ನೊಂದು ವರ್ಷವಿದೆ. ಇಪ್ಪತ್ತು ವರ್ಷ ಪಾಠ ಹೇಳಿದ ಅವರು ಮಧ್ಯಾಹ್ನದ ಬಿಡುವಿನಲ್ಲಿ ಮಾದರಿ ಪ್ರಶ್ನೆಪತ್ರಿಕೆ ಹಿಡಿದು ಕೂರುತ್ತಾರೆ. ಎರಡೂವರೆ ಗಂಟೆಯಲ್ಲಿ 150 ಬಹು ಆಯ್ಕೆಯ ಪ್ರಶ್ನೆಗಳಿಗೆ ಉತ್ತರಿಸಿ ಶೇಕಡಾ 60 ಅಂಕ ಪಡೆದವರು ಅರ್ಹರು. ಒಳಗೆ ಬರುವವರನ್ನು ಪರೀಕ್ಷಿಸಲು ಅದು ತಕ್ಕ ಜರಡಿ ಇರಬಹುದು. ಇಪ್ಪತ್ತು ವರ್ಷ ಒಳಗಿದ್ದವರ ಯೋಗ್ಯತೆಯನ್ನು ತಿಳಿಯಬೇಕಾದರೆ ತರಗತಿಯ ಹಿಂದಿನ ಸಾಲಿನಲ್ಲಿ ಕೂತು ನೋಡಬೇಕು, ಮಗು 35 ಎಂದಾಗ ಅವರು ಮುಂದೇನು ಕೇಳುತ್ತಾರೆ ಎಂಬುದನ್ನು ಗಮನಿಸಬೇಕು. ಹಾಗೆ ಕೂತು ನೋಡಬಲ್ಲವರು ಇನ್ನೊಬ್ಬ ಅನುಭವಿ ಶಿಕ್ಷಕರೇ ಹೊರತು ಒಎಂಆರ್ ಹಾಳೆಯಲ್ಲ. ಅಂಥ ವ್ಯವಸ್ಥೆಯನ್ನು ನಾವು ಕಟ್ಟಿಕೊಳ್ಳಲಿಲ್ಲವಾದ್ದರಿಂದಲೇ ನಮ್ಮ ಅಳತೆ ಹೊರಗಿನಿಂದ ಬಂತು.

ತೀರ್ಮಾನದ ಅಧಿಕಾರ ಶಿಕ್ಷಕರ ಕೈಯಲ್ಲಿದ್ದಾಗ ಏನಾಗುತ್ತದೆ ಎಂಬುದನ್ನು ನಮ್ಮ ಮೈಸೂರು ಜಿಲ್ಲೆಯೇ ಒಮ್ಮೆ ತೋರಿಸಿಕೊಟ್ಟಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಪುಟ್ಟ ಹಳ್ಳಿಶಾಲೆಗಳಲ್ಲಿ ಮಕ್ಕಳು ಕಾರ್ಡುಗಳನ್ನು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ನೋಡಿ ಬಂದರು. ಯುನಿಸೆಫ್‌ನ ನೆರವಿನೊಂದಿಗೆ, ಆದರೆ ತಮ್ಮ ಕೈಯಾರೆ, ಕನ್ನಡದ ಕಾರ್ಡುಗಳನ್ನು ಬರೆದರು, ಕಲಿಕೆಯನ್ನು ಮೈಲಿಗಲ್ಲುಗಳಾಗಿ ಒಡೆದರು, ಮಗು ತಾನೆಲ್ಲಿದ್ದೇನೆ ಎಂದು ತಾನೇ ನೋಡಿಕೊಳ್ಳುವ ಏಣಿಯನ್ನು ಗೋಡೆಗೆ ಹಾಕಿದರು. ನಲಿ-ಕಲಿ ಹುಟ್ಟಿದ್ದು ಹೀಗೆ. ಯಾವ ಅಕ್ಷರ ಮೊದಲು ಬರಬೇಕು, ಯಾವ ಪದ ಕಾಡಂಚಿನ ಮಗುವಿಗೆ ಗೊತ್ತು ಎಂಬ ಚರ್ಚೆಗಳು ಶಿಕ್ಷಕರ ನಡುವೆಯೇ ನಡೆದವು. 2009-10ರಿಂದ ಅದು ರಾಜ್ಯದ ಸರ್ಕಾರಿ ಶಾಲೆಗಳ ಒಂದು, ಎರಡನೆಯ ತರಗತಿಗಳಿಗೆಲ್ಲ ಬಂತು. ಬಂದದ್ದು ಒಳ್ಳೆಯದೇ. ಆದರೆ ನಮ್ಮ ಕೈಗೆ ಅದು ತಲುಪಿದ್ದು ಕಾರ್ಡುಗಳ ಪೆಟ್ಟಿಗೆಯಾಗಿ, ಅದರೊಂದಿಗೆ ಬಂದ ಸುತ್ತೋಲೆಯಾಗಿ; ಅದನ್ನು ಹುಟ್ಟಿಸಿದ ವಾದ, ಅನುಮಾನ, ತಿದ್ದುಪಡಿಗಳು ಆ ಪೆಟ್ಟಿಗೆಯಲ್ಲಿರಲಿಲ್ಲ. ಒಂದು ತಾಲ್ಲೂಕಿನ ಶಿಕ್ಷಕರು ಯೋಚಿಸಿ ಮಾಡಿದ್ದನ್ನು ಉಳಿದ ತಾಲ್ಲೂಕುಗಳ ಶಿಕ್ಷಕರು ಪಾಲಿಸುವವರಾದರು. ಹೆಗ್ಗಡದೇವನಕೋಟೆಯ ಶಿಕ್ಷಕರಿಗೆ ಸಿಕ್ಕ ಆ ಮೂರ್ನಾಲ್ಕು ವರ್ಷಗಳನ್ನು ನಮಗೂ ಕೊಟ್ಟಿದ್ದರೆ ಏನಾಗುತ್ತಿತ್ತು ಎಂದು ನಾನು ಈಗಲೂ ಆಸೆಯಿಂದ ಊಹಿಸಿಕೊಳ್ಳುತ್ತೇನೆ.

ಸಮಯದ ಮಾತನ್ನೂ ಹೇಳಿಬಿಡುತ್ತೇನೆ. ಶಿಕ್ಷಣ ಹಕ್ಕು ಕಾಯ್ದೆಯ 27ನೆಯ ಸೆಕ್ಷನ್ ಶಿಕ್ಷಕರನ್ನು ಶಿಕ್ಷಣೇತರ ಕೆಲಸಕ್ಕೆ ಹಚ್ಚಬಾರದು ಎನ್ನುತ್ತದೆ. ಹತ್ತು ವರ್ಷದ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ, ಈ ಮೂರಕ್ಕೆ ವಿನಾಯಿತಿ ಕೊಡುತ್ತದೆ. ಆ ವಿನಾಯಿತಿಗಳ ಅಂಚು ಎಲ್ಲಿ ಮುಗಿಯುತ್ತದೆ ಎಂಬುದು ಪ್ರತಿ ಮುಖ್ಯ ಶಿಕ್ಷಕರಿಗೂ ಗೊತ್ತಿರುವ ಕಷ್ಟ. ಹಾಲು, ಮೊಟ್ಟೆ, ಸಮವಸ್ತ್ರ, ಶೂಗಳ ಲೆಕ್ಕವನ್ನು ನಾನು ದೂರುವುದಿಲ್ಲ, ಹಸಿದ ಮಗು ಕಲಿಯುವುದಿಲ್ಲ. ಆದರೆ ಅದೇ ಅಂಕಿಅಂಶವನ್ನು ಬೇರೆ ಬೇರೆ ನಮೂನೆಗಳಲ್ಲಿ ಬೇರೆ ಬೇರೆ ವಾಟ್ಸ್ಆ್ಯಪ್ ಗುಂಪುಗಳಿಗೆ ‘ತುರ್ತು’ ಎಂಬ ತಲೆಬರಹದಡಿ ಕಳಿಸುವ ದಿನಗಳಲ್ಲಿ, ಆರು ನೋಟ್‌ಪುಸ್ತಕಗಳನ್ನು ಬಿಡಿಸಿಟ್ಟು ನೋಡುವ ಹೊತ್ತು ಎಲ್ಲಿಂದ ಬರಬೇಕು?

ಧಾರವಾಡದಲ್ಲಿ 1865ರಲ್ಲಿಯೇ ಶಿಕ್ಷಕರಿಗಾಗಿ ‘ಮಠಪತ್ರಿಕೆ’ ಎಂಬ ಪತ್ರಿಕೆ ಹೊರಟಿತ್ತು. ಕನ್ನಡ ಶಾಲೆಗಳೇ ಆಗಿನ್ನೂ ಬೇರೂರುತ್ತಿದ್ದ ಕಾಲದಲ್ಲಿ, ಕಲಿಸುವವರು ಪರಸ್ಪರ ಮಾತಾಡಿಕೊಳ್ಳಬೇಕು ಎಂದು ಯಾರಿಗೋ ಅನ್ನಿಸಿತ್ತು. ನಮ್ಮ ಕ್ಲಸ್ಟರಿನ, ಅಂದರೆ ಸುತ್ತಲಿನ ಶಾಲೆಗಳ ಗುಂಪಿನ, ಸಮಾಲೋಚನಾ ಸಭೆಯೂ ಅದಕ್ಕಾಗಿಯೇ ಇರುವುದು. ಡಿಸೆಂಬರ್‌ನ ಸಭೆಯಲ್ಲಿ ಸುತ್ತೋಲೆಗಳನ್ನು ಓದಿ ಮುಗಿಸಿದ ಮೇಲೆ ಉಳಿದ ಮುಕ್ಕಾಲು ಗಂಟೆಯನ್ನು ನಾನು ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಯಾದ ಸಿಆರ್‌ಪಿಯವರಲ್ಲಿ ಬೇಡಿ ಪಡೆದು, ಆ ಎರಡು ಲೆಕ್ಕಗಳನ್ನು ಹಲಗೆಯ ಮೇಲೆ ಬರೆದೆ. ಹದಿನಾಲ್ಕು ಶಾಲೆಗಳ ಶಿಕ್ಷಕರಿದ್ದರು. ಮೊದಲ ಐದು ನಿಮಿಷ ಮೌನ. ಆಮೇಲೆ ಒಬ್ಬ ಮೇಷ್ಟ್ರು ತಮ್ಮ ತರಗತಿಯಲ್ಲಿ 35ಕ್ಕೆ ಮೂರನೆಯ ಕಾರಣವೊಂದನ್ನು ಕಂಡಿದ್ದೇನೆ ಎಂದರು, ಇನ್ನೊಬ್ಬರು ಅದನ್ನು ಒಪ್ಪಲಿಲ್ಲ, ಸಭೆ ಮುಗಿದ ಮೇಲೂ ಬಸ್ ನಿಲ್ದಾಣದವರೆಗೆ ಆ ಚರ್ಚೆ ನಡೆಯಿತು. ಅಂದು ಆ ಹಲಗೆಯ ಮುಂದೆ ನಿಂತು ಮಾತಾಡಬೇಕಾಗಿದ್ದವರು ನಾನಲ್ಲ. ಆದರೆ ಅತಿಥಿ ಶಿಕ್ಷಕರಿಗೆ ಆ ಸಭೆಯ ಆಹ್ವಾನ ಇರುವುದಿಲ್ಲ ಎಂದು ನನಗೆ ಹೇಳಲಾಗಿತ್ತು. ಅವರ ಕೆಲಸವನ್ನು ಅವರ ಹೆಸರು ಹೇಳಿ ವಿವರಿಸಿದೆ, ಅಷ್ಟೇ ಸಾಧ್ಯವಾಯಿತು.

ಆಕೆಯ ಬಳಿ ಇನ್ನೂರು ಪುಟದ ಒಂದು ನೋಟ್‌ಬುಕ್ ಇದೆ. ಮಕ್ಕಳ ತಪ್ಪುಗಳನ್ನು ದಿನಾಂಕ ಹಾಕಿ ಬರೆದುಕೊಳ್ಳುತ್ತಾರೆ: ಮಗು ಬರೆದ ಉತ್ತರ, ಯಾಕೆ ಹಾಗೆ ಬರೆದಿರಬಹುದು ಎಂಬ ಊಹೆ, ಮುಂದೆ ಕೊಟ್ಟ ಲೆಕ್ಕ, ಆಮೇಲೆ ಏನಾಯಿತು. ಊಹೆ ತಪ್ಪಾದ ಕಡೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಪಕ್ಕದಲ್ಲಿ ಇನ್ನೊಂದು ಊಹೆ ಬರೆದಿರುತ್ತಾರೆ. ವರ್ಷದ ಕೊನೆಯ ದಿನ, ನಾನು ಅವರ ಕೊನೆಯ ಹಾಜರಾತಿಗೆ ಸಹಿ ಮಾಡುತ್ತಿದ್ದಾಗ ಆ ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟು, “ಇದು ಶಾಲೆಯಲ್ಲೇ ಇರಲಾ ಮೇಡಂ? ನಾಲ್ಕನೇ ಕ್ಲಾಸಿಗೆ ಯಾರು ಬರ್ತಾರೋ ಅವರಿಗೆ ಬೇಕಾಗುತ್ತೆ,” ಎಂದರು. ಬೀರು ತೆಗೆದು ನೋಡಿದೆ. ದಾಸ್ತಾನು ವಹಿ, ಹಾಲಿನ ಪುಡಿಯ ವಹಿ, ನಗದು ಪುಸ್ತಕ, ಸಂದರ್ಶಕರ ವಹಿ ಎಲ್ಲಕ್ಕೂ ಒಂದೊಂದು ಚೀಟಿ ಅಂಟಿಸಿದ ಜಾಗವಿತ್ತು. ಸೇವಾ ಪುಸ್ತಕಗಳ ಪಕ್ಕದಲ್ಲಿ ಸ್ವಲ್ಪ ಸರಿಸಿ ಅದನ್ನು ಇಟ್ಟು, ಚೀಟಿಯ ಮೇಲೆ ಅವರ ಹೆಸರನ್ನು ಬರೆದೆ.